ಕೇಳಿದ್ದರೆ ಕೊಡುತ್ತಿರಲಿಲ್ಲವೇ?

ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. ಆಸ್ಪತ್ರೆಯ ಖರ್ಚಿಗಾಗಿ ಒಂದು ಕುಟುಂಬ ಒಡವೆಗಳನ್ನೆಲ್ಲ ಅಡವಿಟ್ಟಿತೆಂದೋ, ಶುಲ್ಕ ಕಟ್ಟಲಾಗದೆ ಒಬ್ಬಳು ಮಗಳ ಓದು ನಿಂತಿತೆಂದೋ ತಡವಾಗಿ ತಿಳಿದಾಗ ನಾವು ಮರುಗುತ್ತೇವೆ. ಮರುಗುತ್ತಲೇ, "ಒಂದು ಮಾತು ಕೇಳಿದ್ದರೆ ಕೊಡುತ್ತಿರಲಿಲ್ಲವೇ?" ಎನ್ನುತ್ತೇವೆ. ಈ ಮಾತಿನಲ್ಲಿ ಕಪಟವಿಲ್ಲ. ಕೇಳಿದ್ದರೆ ಬಹುಶಃ ಕೊಡುತ್ತಿದ್ದೆವು. ಆದರೆ ನೊಂದವರೇ ಬಂದು ಕೇಳಬೇಕೆಂಬುದು ಕ್ರೈಸ್ತ ಪ್ರೀತಿಯ ನಿಯಮವೇ?

ಕೇಳುವುದು ಸುಲಭವಲ್ಲ. ಭಾನುವಾರ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಿದವರ ಮುಂದೆ ಸೋಮವಾರ ಕೈಯೊಡ್ಡಲು ಯಾರ ಮನಸ್ಸು ಒಪ್ಪೀತು? ಹಸಿವಿಗಿಂತ ಹಂಗಿಗೆ ಹೆದರುವವರು ನಮ್ಮಲ್ಲಿ ಅನೇಕರಿದ್ದಾರೆ. ಪಡೆದ ನೆರವು ನಾಳೆ ದೇವಾಲಯದ ಅಂಗಳದಲ್ಲಿ ಮಾತಿನ ವಸ್ತುವಾದೀತೆಂಬ ಅಳುಕು ಅವರ ಬಾಯಿ ಕಟ್ಟುತ್ತದೆ.

ಆದಿ ಧರ್ಮಸಭೆಯಲ್ಲಿಯೂ ಇಂಥದೊಂದು ಸಮಸ್ಯೆ ಎದುರಾಯಿತು. ಜೆರುಸಲೇಮಿನ ವಿಶ್ವಾಸಿಗಳು ಆಸ್ತಿಯನ್ನು ಮಾರಿ ಹಂಚಿಕೊಂಡು ಬಾಳುತ್ತಿದ್ದರು. ಆದರೂ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರು ಕಡೆಗಣಿಸಲ್ಪಟ್ಟರು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಗಮನವಿಟ್ಟು ಓದಿ. ಅಲ್ಲಿ ಗೊಣಗಿದವರು ಆ ವಿಧವೆಯರಲ್ಲ. ಅವರ ಪರವಾಗಿ ಅವರ ಭಾಷೆಯ ಜನರು ದನಿಯೆತ್ತಿದರು. ಪ್ರೇಷಿತರು ಆ ದೂರನ್ನು ಕೃತಘ್ನತೆಯೆಂದು ತಳ್ಳಿಹಾಕಲಿಲ್ಲ. ಸಭೆ ಸ್ತೇಫನನೂ ಸೇರಿದಂತೆ ಏಳು ಮಂದಿಯನ್ನು ಆರಿಸಿತು. ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಕಡೆಗಣಿಸಲ್ಪಟ್ಟವರ ಅಳಲನ್ನು ಬಲ್ಲವರ ಕೈಗೇ ಹಂಚುವ ಹೊಣೆ ಬಂದಿತು.

"ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಡವೇ?" ಎಂದು ಕೆಲವರು ಕೇಳಬಹುದು. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಎರಡನ್ನೂ ಹೇಳುತ್ತಾರೆ: ಪರಸ್ಪರರ ಭಾರ ಹೊರಬೇಕು, ಅವರವರ ಹೊರೆಯನ್ನು ಅವರವರೇ ಹೊರಬೇಕು. ಮೂಲ ಗ್ರೀಕಿನಲ್ಲಿ ಬೇರೆ ಬೇರೆ ಪದಗಳಿವೆ. ಮೊದಲನೆಯದು 'ಬಾರೋಸ್', ಮನುಷ್ಯನನ್ನು ಕುಗ್ಗಿಸುವ ಭಾರ. ಎರಡನೆಯದು 'ಫೋರ್ತಿಯೋನ್', ಪ್ರತಿಯೊಬ್ಬನ ಪಾಲಿಗೆ ಬಂದ ಹೊರೆ. ದಿನನಿತ್ಯದ ದುಡಿಮೆ ಅವರವರದು. ಆದರೆ ಕಾಯಿಲೆ, ಸಾವು, ಸಾಲ ಒಟ್ಟಿಗೆ ಮೇಲೆ ಬಿದ್ದಾಗ ಆ ಭಾರ ಸಭೆಯದು. ಯಾವುದು ಹೊರೆ, ಯಾವುದು ಭಾರ ಎಂಬುದನ್ನು ದೂರದಲ್ಲಿ ನಿಂತು ತೀರ್ಮಾನಿಸಲಾಗದು; ಹತ್ತಿರ ಹೋಗಿ ನೋಡಬೇಕು.

ಹಾಗೆ ಹೋಗಿ ನೋಡಿದವರಲ್ಲಿ ಫ್ರೆಡೆರಿಕ್ ಓಝನಾಮ್ ಒಬ್ಬರು. 1833ರಲ್ಲಿ ಪ್ಯಾರಿಸಿನಲ್ಲಿ ಓದುತ್ತಿದ್ದ ಅವರು ಸಂಗಡಿಗರೊಂದಿಗೆ ಸೇರಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಆರಂಭಿಸಿದಾಗ ಅವರಿಗೆ ಕೇವಲ 20 ವರ್ಷ. ಬಡವರನ್ನು ಕರೆಸಿಕೊಳ್ಳದೆ ತಾವೇ ಅವರ ಮನೆಗಳಿಗೆ ಹೋಗುವುದು ಅವರ ಕ್ರಮವಾಗಿತ್ತು. ಈ ಸಭೆಯ ಕೂಟಗಳಲ್ಲಿ ಗುಪ್ತವಾಗಿ ಕಾಣಿಕೆ ಎತ್ತುವ ವಾಡಿಕೆಯೂ ಇದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ಕೊಡುವವನಿಗೆ ಹೆಮ್ಮೆಯಿಲ್ಲ, ಕೊಡಲಾಗದವನಿಗೆ ನಾಚಿಕೆಯಿಲ್ಲ. ಸಂತ ಎರಡನೇ ಜಾನ್ ಪೌಲರು 1997ರಲ್ಲಿ ಓಝನಾಮರನ್ನು ಧನ್ಯರೆಂದು ಘೋಷಿಸಿದರು.

ಕಷ್ಟದಲ್ಲಿರುವ ಸಹೋದರ ಸಹೋದರಿಯರೇ, ನಿಮಗೂ ಒಂದು ಮಾತು. ಶಿಲುಬೆಯ ಹಾದಿಯ ಐದನೆಯ ಸ್ಥಳದಲ್ಲಿ ನಾವು ಏನನ್ನು ಧ್ಯಾನಿಸುತ್ತೇವೆ? ಹೊಲದ ಕಡೆಯಿಂದ ಬರುತ್ತಿದ್ದ ಸಿರೇನ್ ಊರಿನ ಸಿಮೋನನು ಪ್ರಭುವಿನ ಶಿಲುಬೆಗೆ ಹೆಗಲು ಕೊಟ್ಟನು. ಪ್ರಭು ಆ ಹೆಗಲನ್ನು ಬೇಡವೆನ್ನಲಿಲ್ಲ. ನೆರವು ಪಡೆದುದರಿಂದ ಅವರು ಕಿರಿಯರಾಗಲಿಲ್ಲ. ನೀವೂ ಆಗುವುದಿಲ್ಲ.

ಉಳಿದ ನಾವು "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೇಳಿ ಮನೆಗೆ ಮರಳುವುದನ್ನು ಇನ್ನಾದರೂ ಬಿಡೋಣ. ಆ ಮಾತು ಕೇಳುವ ಕಷ್ಟವನ್ನು ಮತ್ತೆ ನೊಂದವರ ಮೇಲೆಯೇ ಹೇರುತ್ತದೆ. ಕೆಲವು ವಾರಗಳಿಂದ ಬಲಿಪೂಜೆಯಲ್ಲಿ ಯಾರು ಕಾಣುತ್ತಿಲ್ಲ? ಯಾರ ಮಗು ಧರ್ಮೋಪದೇಶದ ತರಗತಿಗೆ ಬರುತ್ತಿಲ್ಲ? ಈ ವಾರವೇ ಅವರ ಮನೆಗೆ ಹೋಗೋಣ, ಕುಳಿತು ಆಲಿಸೋಣ. ಅಲ್ಲಿ ಕಂಡದ್ದನ್ನು ಬೇರೆಲ್ಲೂ ಆಡದೆ, ನಮ್ಮಿಂದಾದುದನ್ನು ಮಾಡೋಣ.