ನಿಂಗೆ ಬರುತ್ತಾ, ಅಮ್ಮಾ?

ಶನಿವಾರ ಬೆಳಿಗ್ಗೆ ಮಗಳನ್ನು ಈಜಿನ ಕ್ಲಾಸಿನಿಂದ ಸಂಗೀತದ ಕ್ಲಾಸಿಗೆ ಕರೆದೊಯ್ಯುವ ದಾರಿಯಲ್ಲಿ ಒಂದು ಸಿಗ್ನಲ್ ಇದೆ. ಅದರ ಎಡಕ್ಕೆ ಔಷಧದ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಅದರ ಪಕ್ಕದಲ್ಲಿ ಒಂದು ಯೋಗಶಾಲೆ. ನಾಲ್ಕು ವರ್ಷದಿಂದ ವಾರವಾರವೂ ಅಲ್ಲಿ ನಿಂತು ಹೋಗಿದ್ದೇನೆ. ಕಳೆದ ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ಹಿಂದಿನ ಸೀಟಿನಲ್ಲಿ ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದ ಒಂಬತ್ತು ವರ್ಷದ ಮಗಳು ಆ ಗಾಜಿನ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಿದಳು.

"ಅಮ್ಮಾ, ಅಲ್ಲಿ ಮೈಸೂರ್ ಅಂತ ಬರೆದಿದೆ. ನಿಮ್ಮೂರೇ ಅಲ್ವಾ?"

ಹೌದು, ಬರೆದಿತ್ತು. 'ಮೈಸೂರ್ ಸ್ಟೈಲ್, ಬೆಳಿಗ್ಗೆ 6ರಿಂದ 9.' ಎದೆ ಉಬ್ಬಿ, "ಹೂಂ ಪುಟ್ಟಿ, ನಮ್ಮೂರೇ" ಎಂದೆ.

"ಹಾಗಾದ್ರೆ ನಿಂಗೆ ಅದು ಬರುತ್ತಾ?"

ಸಿಗ್ನಲ್ ಹಸಿರಾಯಿತು. ಸಂಗೀತದ ಮೇಷ್ಟ್ರ ಮನೆ ತಲುಪುವವರೆಗೂ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಚಿತ್ರದುರ್ಗದ ಕಡೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟದ್ದು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾದದ್ದು. ಅವರಲ್ಲಿ ಕಲಿತವರ ಪೈಕಿ ಹಾಸನದ ಕಡೆಯ ಪಟ್ಟಾಭಿ ಜೋಯಿಸರೂ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಇದ್ದದ್ದು. ಜೋಯಿಸರು 1948ರಲ್ಲಿ ಮೈಸೂರಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದ್ದು, ಅವರು ಕಲಿಸುತ್ತಿದ್ದ ರೀತಿಯೇ ನಮ್ಮೂರಿನ ಹೆಸರು ಹೊತ್ತು ಈ ಔಷಧದ ಅಂಗಡಿಯ ಸಾಲಿನವರೆಗೂ ಬಂದದ್ದು.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಇಳಿದ ಮೇಲೆ ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದಳು: "ಆದ್ರೆ ನಿಂಗೆ ಬರುತ್ತಾ ಇಲ್ವಾ ಅಂತ ಹೇಳ್ಲೇ ಇಲ್ಲ."

ಆ ಮುಕ್ಕಾಲು ಗಂಟೆ ಕಾರಿನಲ್ಲೇ ಕೂತಿದ್ದೆ. ಒಳಗಿನಿಂದ ಮಾಯಾಮಾಳವಗೌಳದ ಸರಳೆ ಸಣ್ಣಗೆ ಕೇಳುತ್ತಿತ್ತು. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಬೆಳೆದವಳು ನಾನು. ರಜೆಗೆ ಬಂದ ನೆಂಟರನ್ನೆಲ್ಲ ಜಗನ್ಮೋಹನ ಅರಮನೆಗೆ ಕರೆದೊಯ್ದು, ಕಲಾವಿದ ಹಳದಂಕರರು ಬರೆದ, ದೀಪ ಹಿಡಿದ ಹೆಣ್ಣಿನ ಚಿತ್ರ ತೋರಿಸಿ ತಂದವಳು. ಅದೇ ಆವರಣದಲ್ಲಿ ಒಂದು ಕಾಲಕ್ಕೆ ಹುಡುಗರು ಬೆವರು ಸುರಿಸಿ ಆಸನ ಕಲಿತಿದ್ದರು ಎಂದು ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ. ಈಗ ಇಸವಿಗಳು ಬಾಯಿಗೆ ಬರುತ್ತವೆ. ಮೈಗೆ ಮಾತ್ರ ಏನೂ ಬರುವುದಿಲ್ಲ.

ಈ 'ಬರುವುದು' ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನನಗೆ ಈಜು ಬರುತ್ತದೆ, ಅವಳಿಗೆ ವೀಣೆ ಬರುತ್ತದೆ, ಅವರಿಗೆ ತೆಲುಗು ಬರುತ್ತದೆ ಎನ್ನುತ್ತೇವೆ. ನಮ್ಮ ಭಾಷೆಯಲ್ಲಿ ವಿದ್ಯೆ ತಾನಾಗಿ ನಡೆದು ನಮ್ಮ ಬಳಿಗೆ ಬರಬೇಕು. ಬರುವವರಿಗಾಗಿ ಅಂಗಳ ಗುಡಿಸಿ, ಬಾಗಿಲು ತೆರೆದು, ದಿನವೂ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ. ಹಿರಿಯರು ಅದಕ್ಕೆ ಅಭ್ಯಾಸ ಎಂದರು. ಮಕ್ಕಳ ಪಾಲಿಗೆ ನಾವು ಈ ಬಾಗಿಲನ್ನು ಎಷ್ಟು ಅಗಲವಾಗಿ ತೆರೆದಿದ್ದೇವೆ! ಸೋಮವಾರ ಗಣಿತ, ಮಂಗಳವಾರ ಭರತನಾಟ್ಯ, ಭಾನುವಾರ ಕನ್ನಡ ಕಲಿ. ನಮ್ಮ ಪಾಲಿಗೆ ಮಾತ್ರ ಅದನ್ನು ಯಾವಾಗ ಮುಚ್ಚಿದೆವೋ ನೆನಪೇ ಇಲ್ಲ. ಎಂಜಿನ್ ಆರಿಸದೆ, ಮೊಬೈಲ್ ನೋಡುತ್ತ, ಮಕ್ಕಳ ಅಭ್ಯಾಸ ಮುಗಿಯಲಿ ಎಂದು ಹೊರಗೆ ಕಾಯುವವರಾಗಿದ್ದೇವೆ.

ಜನವರಿಯಲ್ಲಿ ಆ ಯೋಗಶಾಲೆಗೆ ಸೇರಿದೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರಕ್ಕೆ. ಆ ದಿನಗಳಲ್ಲಿ ಮಗಳ ಡಬ್ಬಿ, ಜಡೆ, ಶಾಲೆಯ ಬಸ್ಸು ಎಲ್ಲ ಯಜಮಾನರ ಪಾಲಿಗೆ. ಈ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂಬುದು ನನಗೆ ಗೊತ್ತು.

ಕಲಿಸುವವರು ಅರವತ್ತರ ಆಸುಪಾಸಿನ ಅಮೆರಿಕನ್ ಹೆಂಗಸು. ಹಿಂದೆ ಮೈಸೂರಿನ ಗೋಕುಲಂನಲ್ಲಿ ಕೆಲವು ತಿಂಗಳು ಇದ್ದು ಕಲಿತು ಬಂದವರು. ಮೈಸೂರು ಕ್ರಮದಲ್ಲಿ ಗುರು ಮುಂದೆ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿಕೊಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಠವನ್ನು ನೆನಪಿನಿಂದ, ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ, ಎಲ್ಲಿ ತಪ್ಪಿತೋ ಅಲ್ಲಿ ತಿದ್ದುತ್ತಾರೆ. ಒಂದು ಆಸನ ಗಟ್ಟಿಯಾದ ಮೇಲೆಯೇ ಮುಂದಿನದು. ಇಪ್ಪತ್ತು ಜನ ಇದ್ದರೂ ಕೋಣೆಯಲ್ಲಿ ಕೇಳುವುದು ಉಸಿರು ಮಾತ್ರ. ಅಮಾವಾಸ್ಯೆ, ಹುಣ್ಣಿಮೆಗೆ ರಜ. ಪಂಚಾಂಗ ನೋಡುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈ ಊರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ನನಗೆ ತಿಳಿಸಿದ್ದು ಆ ಬಾಗಿಲಿಗೆ ಅಂಟಿಸಿದ ಚೀಟಿ.

ಮೊದಲ ದಿನ ಐದು ಸೂರ್ಯನಮಸ್ಕಾರ ಮಾಡಿಸಿ, ಮಲಗಿಸಿ, "ನಾಳಿದ್ದು ಬನ್ನಿ" ಎಂದು ಕಳಿಸಿದರು. ಮೂರು ವಾರ ಅಷ್ಟೇ. ಏಕಂ, ದ್ವೇ, ತ್ರೀಣಿ ಎಂದು ಅವರೇ ಎಣಿಸುತ್ತಿದ್ದರು. ಒಂದು ನಮಸ್ಕಾರಕ್ಕೆ ಒಂಬತ್ತು ಹೆಜ್ಜೆ. ನನ್ನ ಸಂಸ್ಕೃತ ಮೇಷ್ಟ್ರು ತಿದ್ದಿ ತಿದ್ದಿ ಸೋತ ಆ ಸಂಖ್ಯೆಗಳು ಪರದೇಶದ ಹೆಂಗಸೊಬ್ಬರ ಬಾಯಲ್ಲಿ ಅಷ್ಟು ಶ್ರದ್ಧೆಯಿಂದ ಬರುವಾಗ ಹೆಮ್ಮೆಯಾಯಿತು. ನಮ್ಮೂರಿನದನ್ನು ಇವರಿಂದ ಕಲಿಯಬೇಕಾಯಿತಲ್ಲ ಎಂಬ ನೋವೂ ಅದರ ಬೆನ್ನಿಗೇ ಬಂತು. ಕೆಲವು ವಾರ ಕಳೆದ ಮೇಲೆ ನೋವು ಕಡಿಮೆಯಾಯಿತು. ದಿನವೂ ಬಂದು ಬೆವರು ಸುರಿಸುವವರ ಮನೆಗೆ ವಿದ್ಯೆ ಹೋಗುತ್ತದೆ, ಅದು ಪಾಸ್‌ಪೋರ್ಟ್ ಕೇಳುವುದಿಲ್ಲ.

ಬಗ್ಗಿದರೆ ನನ್ನ ಬೆರಳು ಮೊಣಕಾಲಿನಿಂದ ಒಂದು ಗೇಣು ಕೆಳಗೆ ನಿಲ್ಲುತ್ತಿತ್ತು. ಆಗೆಲ್ಲ ಅಯ್ಯಂಗಾರರ ಬಾಲ್ಯ ನೆನೆದುಕೊಳ್ಳುತ್ತಿದ್ದೆ. 1918ರಲ್ಲಿ ಹುಟ್ಟಿದ ಅವರು ಮಲೇರಿಯಾ, ಕ್ಷಯ ಎಂದು ಕಾಯಿಲೆಯಲ್ಲೇ ಬೆಳೆದವರು. ಹದಿವಯಸ್ಸಿನಲ್ಲಿ ಮೈಸೂರಿಗೆ, ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದಾಗ ತೀರಾ ಬಡಕಲು ಹುಡುಗ. ಅಂಥವರು ಮುಂದೆ ಪುಣೆಯಲ್ಲಿ ನೆಲೆಸಿ ಲೋಕಕ್ಕೇ ಗುರುವಾದರು. ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಮುಂಬಯಿಗೆ ಬಂದಾಗ ಅಯ್ಯಂಗಾರರ ಶಿಷ್ಯರಾದ ಕಥೆ ಅನೇಕರಿಗೆ ಗೊತ್ತು. ಎರಡು ವರ್ಷದ ನಂತರ ಮೆನುಹಿನ್ ಅವರಿಗೊಂದು ಕೈಗಡಿಯಾರ ಕೊಟ್ಟರು. ತನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಎಂಬ ಅರ್ಥದ ಮಾತನ್ನು ಅದರ ಹಿಂಬದಿಯಲ್ಲಿ ಕೆತ್ತಿಸಿದ್ದರು. ಅಯ್ಯಂಗಾರರು ಕಲಿಸಿದ್ದು ಯೋಗ. ಭುಜ ಹಗುರಾಗಿ ಉಸಿರು ನೆಟ್ಟಗಾದರೆ ಕಮಾನು ತಾನಾಗಿ ಸರಿಯಾಗಿ ಓಡುತ್ತದೆ ಎಂದು ಆ ಕಲಾವಿದನಿಗೆ ಅನಿಸಿರಬೇಕು.

ಆ ಗಡಿಯಾರದ ಕಥೆಯ ಅರ್ಥ ನನಗೆ ಆದದ್ದು ಯುಗಾದಿಯ ಬೆಳಿಗ್ಗೆ.

ಯುಗಾದಿ ಈ ಸಲವೂ ಕೆಲಸದ ದಿನವೇ ಬಂದಿತ್ತು. ಇಲ್ಲಿನ ಕನ್ನಡ ಕೂಟದ ಹಬ್ಬ ಇನ್ನೂ ಎರಡು ವಾರದ ಮೇಲೆ. ಮಗಳು ಪೆಟ್ಟಿಗೆಯಿಂದ ರಂಗೋಲಿಯ ಸ್ಟಿಕ್ಕರ್ ತೆಗೆದು ತಂದಳು. ಆರು ವರ್ಷದಿಂದ ಅಂಟಿಸಿ ಕಿತ್ತು ಅದರ ಒಂದು ದಳವೇ ಹರಿದುಹೋಗಿದೆ. "ಇದು ಅಂಟಲ್ಲ ಅಮ್ಮಾ, ಈ ಸಲ ಬೇಡ ಬಿಡು" ಎಂದಳು. ಬೇಸರವೇನೂ ಇಲ್ಲದೆ ಹೇಳಿದಳು, ಅದೇ ನನಗೆ ತಟ್ಟಿತು. ಅವಳ ಪಾಲಿಗೆ ರಂಗೋಲಿ ಎಂದರೆ ಹರಿದರೆ ಬಿಡಬಹುದಾದ ವಸ್ತು.

ನನ್ನ ಪೆಟ್ಟಿಗೆಯ ತಳದಲ್ಲಿ ಅಮ್ಮ ಕೊಟ್ಟು ಕಳಿಸಿದ್ದ ರಂಗೋಲಿ ಪುಸ್ತಕ ಇತ್ತು. ಯಾವುದೋ ಹಳೆಯ ಡೈರಿ, ಪುಟಪುಟಕ್ಕೂ ನೀಲಿ ಶಾಯಿಯ ಚುಕ್ಕಿ. ಹದಿನಾಲ್ಕು ವರ್ಷದಲ್ಲಿ ಎರಡು ಸಲವೂ ತೆರೆದಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಗ್ಯಾರೇಜಿನ ಬಾಗಿಲೆತ್ತಿ, ಸಿಮೆಂಟಿನ ನೆಲ ತೊಳೆದು, ಅಕ್ಕಿ ಹಿಟ್ಟು ಹಿಡಿದು ನಿಂತೆ. ಮಗಳು ಫೋನನ್ನು ನೆಲ ಕಾಣುವ ಹಾಗೆ ಹಿಡಿದಳು.

"ಅಷ್ಟು ನುಣುಪಿನ ಹಿಟ್ಟು ಬೆರಳಿಂದ ಇಳಿಯಲ್ಲ ಕಣೇ, ತರಿ ಇರೋದು ತಗೋ" ಎಂದರು ಅಮ್ಮ. ತಂದುಕೊಂಡೆ. "ಏಳರಿಂದ ನಾಲ್ಕು, ಸಂದು ಚುಕ್ಕಿ. ಸುಲಭದ್ದು." ನಡುವಿನ ಸಾಲಿಗೆ ಏಳು, ಮೇಲಕ್ಕೂ ಕೆಳಕ್ಕೂ ಆರು, ಐದು, ನಾಲ್ಕು. ಕುಕ್ಕರಗಾಲಿನಲ್ಲಿ ಕೂರಹೋದವಳನ್ನು ತಡೆದರು: "ಕೂತ್ಕೊಂಡು ಹಾಕಿದ್ರೆ ಗೆರೆ ವಕ್ರ ಆಗುತ್ತೆ. ಮಂಡಿ ಮಡಿಸ್ಬೇಡ, ಸೊಂಟದಿಂದ ಬಗ್ಗು. ಉಸಿರು ಬಿಡ್ತಾ ಎಳಿ."

ಇದೇ ಮಾತನ್ನು ಹಿಂದಿನ ಬುಧವಾರ ಆ ಯೋಗಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದೆ.

ಬಗ್ಗಿದೆ. ಬೆರಳು ನೆಲ ಮುಟ್ಟಿತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟು ಜಾರಿ, ಒಂದು ಎಳೆ ಚುಕ್ಕಿಯ ಮಗ್ಗುಲಲ್ಲೇ ಹಾದು ಸುತ್ತಿ ಬಂತು. ಆ ಕ್ಷಣದಲ್ಲಿ ನಮ್ಮ ಮನೆ ಬಾಗಿಲಲ್ಲಿ ಬೆಳಗಿನ ಜಾವ ಬಗ್ಗಿ ನಿಂತಿರುತ್ತಿದ್ದ ಅಮ್ಮನ ಬೆನ್ನು ಕಣ್ಣಿಗೆ ಕಟ್ಟಿತು. ಮಳೆ, ಚಳಿ, ಪರೀಕ್ಷೆ, ನೆಂಟರು ಯಾವುದಿದ್ದರೂ ತಪ್ಪಿಸದ ಆ ಹತ್ತು ನಿಮಿಷಕ್ಕೆ ಯಾರೂ ವ್ಯಾಯಾಮ ಎನ್ನಲಿಲ್ಲ, ಕಲೆ ಎನ್ನಲಿಲ್ಲ, ಹವ್ಯಾಸ ಎಂದೂ ಕರೆಯಲಿಲ್ಲ. ಮೈಯೂ ಕೈಯೂ ಮನಸ್ಸೂ ಅಲ್ಲಿ ಒಟ್ಟಿಗೆ ಪಳಗುತ್ತಿದ್ದವು. ಪಾತ್ರೆ ತೊಳೆದಷ್ಟೇ ಸಹಜವಾಗಿ ನಡೆಯುತ್ತಿದ್ದುದರಿಂದ ನಮಗೆ ಅದು ಕಾಣಲೇ ಇಲ್ಲ.

ಕೊನೆಯ ಎಳೆ ಮಾತ್ರ ಕೂಡಲಿಲ್ಲ. ಎರಡು ಸಲ ಒರೆಸಿ ಎಳೆದರೂ ಅಷ್ಟೇ. ಮಗಳು ಬಗ್ಗಿ ಎಣಿಸಿ, "ಮೂವತ್ತೇಳು ಇರ್ಬೇಕು, ಮೂವತ್ತಾರೇ ಇದೆ" ಎಂದಳು. ಅಷ್ಟರಲ್ಲಿ ಫೋನಿನಿಂದ ಅಮ್ಮನ ದನಿ: "ಮೇಲಿಂದ ಮೂರನೇ ಸಾಲು, ಬಲಗಡೆಯಿಂದ ಎರಡನೇದು." ಎಂಟು ಸಾವಿರ ಮೈಲಿಯಾಚೆ, ಅಂಗೈಯಗಲದ ಪರದೆಯಲ್ಲಿ ಅವರಿಗೆ ಇಲ್ಲದ ಚುಕ್ಕಿ ಕಂಡಿತ್ತು. ಆ ಚುಕ್ಕಿಯನ್ನು ಮಗಳೇ ಇಟ್ಟಳು. ಎಳೆ ಕೂಡಿತು.

"ಅಜ್ಜಿ, ನೀವು ಇವತ್ತು ಯಾವ್ದು ಹಾಕಿದ್ರಿ?" ಎಂದು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ಈಗ ಮಂಡಿ ಆಗಲ್ಲ ಪುಟ್ಟಿ. ಬಾಗಿಲಲ್ಲಿ ಪೇಂಟ್ ಹೊಡ್ಸಿಬಿಟ್ಟಿದೀವಿ. ಅಳಿಸಲ್ಲ ಅದು."

ಅಳಿಸದ ರಂಗೋಲಿ ಅಲ್ಲಿ, ಅಂಟದ ಸ್ಟಿಕ್ಕರು ಇಲ್ಲಿ. ನಾವು ದೂರ ಬಂದದ್ದರಿಂದ ಕಳೆದುಕೊಂಡೆವು ಎಂದು ಕೊರಗುವ ನನಗೆ, ಅಲ್ಲಿಯೂ ಬೆನ್ನುಗಳು ಬಗ್ಗುವುದನ್ನು ನಿಲ್ಲಿಸಿವೆ ಎಂಬುದು ಅಂದು ಹೊಳೆಯಿತು. ಅಮ್ಮನಿಗೆ ವಯಸ್ಸಿನ ಕಾರಣವಿದೆ. ನಮಗೆ ಏನಿದೆ?

ಕೂಟದ ಬಂಧುಗಳಲ್ಲಿ ಒಂದು ಮಾತು ಕೇಳಬೇಕೆನಿಸುತ್ತದೆ. ನಮ್ಮ ಪ್ರತಿ ಹಬ್ಬದಲ್ಲೂ ವೇದಿಕೆ ಮಕ್ಕಳದು, ಮೊಬೈಲ್ ಹಿಡಿದ ಕೈಗಳು ನಮ್ಮವು. ಅದರಲ್ಲಿ ಅರ್ಧ ಗಂಟೆ ದೊಡ್ಡವರ ಅಭ್ಯಾಸಕ್ಕೆ ಇಟ್ಟರೆ ಹೇಗೆ? ಐವತ್ತಕ್ಕೆ ಕೊಳಲು ಹಿಡಿದವರು ಸ್ವರ ತಪ್ಪಿದರೂ ಸರಿ, ನುಡಿಸಲಿ. ರಥಸಪ್ತಮಿಗೆ 108 ನಮಸ್ಕಾರ ಎಂದು ಹೊರಟವರು ನಲವತ್ತಕ್ಕೆ ನಿಂತರೂ ಮಕ್ಕಳು ಅದನ್ನು ನೋಡಲಿ. ತಂದೆತಾಯಿ ತಪ್ಪುವುದನ್ನೂ ಮರುದಿನ ಮತ್ತೆ ಶುರುಮಾಡುವುದನ್ನೂ ಕಂಡ ಮಗುವಿಗೆ ಅಭ್ಯಾಸ ಎಂದರೇನು ಎಂದು ಬೇರೆ ಪಾಠ ಬೇಕಾಗಲಾರದು.

ಹೀಗೆ ಬರೆಯುವಾಗಲೂ ಒಂದು ಅಳುಕಿದೆ. ಇದೂ ನಮ್ಮ ಕ್ಯಾಲೆಂಡರಿನಲ್ಲಿ ಇನ್ನೊಂದು ಕ್ಲಾಸಾಗಿಬಿಟ್ಟರೆ? ಮಗಳು ನೋಡಲಿ ಎಂದೇ ನಾನು ಬಗ್ಗುತ್ತಿದ್ದೇನೆಯೇ? ಅಮ್ಮ ಯಾರು ನೋಡಲಿ ಎಂದೂ ರಂಗೋಲಿ ಹಾಕಲಿಲ್ಲ. ಅದಕ್ಕೇ ಇರಬೇಕು, ಅದು ಅವರಿಗೆ ಅಷ್ಟು ಚೆನ್ನಾಗಿ ಬಂದದ್ದು. ಆ ಸಹಜತೆಯನ್ನು ಸಂಕಲ್ಪ ಮಾಡಿ ತರಬಹುದೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮೊನ್ನೆ ಅದೇ ಸಿಗ್ನಲ್ಲಿನಲ್ಲಿ ಮಗಳು ಮತ್ತೆ ಕೇಳಿದಳು: "ಅಮ್ಮಾ, ಈಗ ನಿಂಗೆ ಮೈಸೂರು ಬರುತ್ತಾ?"

"ಬರ್ತಾ ಇದೆ ಪುಟ್ಟಿ."

"ಎಲ್ಲಿವರೆಗೆ ಬಂದಿದೆ?"

ಮನೆಗೆ ಹೊರಟ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದಳು. ಮನೆ ಸೇರಿ ಗ್ಯಾರೇಜಿನ ಬಾಗಿಲೆತ್ತಿದಾಗ ಯುಗಾದಿಯ ರಂಗೋಲಿ ಕಾರಿನ ಚಕ್ರಕ್ಕೆ ಸಿಕ್ಕಿ ಎಂದೋ ಅಳಿಸಿಹೋಗಿತ್ತು. ಮೂಲೆಯ ನಾಲ್ಕು ಚುಕ್ಕಿ ಉಳಿದಿದ್ದವು. ಅವಳು ಬ್ಯಾಗು ಇಳಿಸಿ, ಮಂಡಿ ಮಡಿಸದೆ, ಅವುಗಳ ಪಕ್ಕದಲ್ಲಿ ಬಗ್ಗಿ ನಿಂತಳು.