ಊರ ಮಧ್ಯೆ ಒಬ್ಬನೇ ನಿಲ್ಲುವುದು

ಬೆಟ್ಟ ಹತ್ತಿ ಬಂದ ಯಾತ್ರಾರ್ಥಿಗಳು ಗೊಮ್ಮಟಸ್ವಾಮಿಯ ಎದುರು ನಿಂತು ಮೊದಲು ಕೇಳುವುದು, ಎತ್ತರ ಎಷ್ಟು ಎಂದು. 58 ಅಡಿ. ಕ್ರಿ.ಶ. 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು. ಸ್ವಾಮಿ ಹೀಗೆ ಯಾಕೆ ನಿಂತ ಅಂತ ಕೇಳುವವರು ಕಡಿಮೆ.

ಅಣ್ಣ ಭರತನಿಗೂ ತಮ್ಮ ಬಾಹುಬಲಿಗೂ ರಾಜ್ಯದ ಸಲುವಾಗಿ ಜಗಳ. ಎರಡು ಕಡೆಯ ಸೈನ್ಯವೂ ಸಜ್ಜಾಗಿತ್ತು. ಅಣ್ಣತಮ್ಮಂದಿರ ಜಗಳಕ್ಕೆ ಯಾರದೋ ಮನೆಯ ಮಕ್ಕಳು ಯಾಕೆ ಸಾಯಬೇಕು? ಮಂತ್ರಿಗಳು ಯೋಚಿಸಿ ಇಬ್ಬರೇ ಹೋರಾಡಲಿ ಎಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ತಮ್ಮ, ಗೆದ್ದದ್ದನ್ನೆಲ್ಲ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ಒಂದು ವರ್ಷ ಕಳೆಯಿತು. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಜ್ಞಾನ ಬರಲಿಲ್ಲ. 'ನಾನು ನಿಂತಿರುವ ನೆಲವೂ ಅಣ್ಣನದೇ' ಎಂಬ ಮುಳ್ಳು ಒಳಗೇ ಉಳಿದಿತ್ತು ಎಂದು ಈ ನಾಡಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಭರತ ಬಂದು ಕೈಮುಗಿದ ಮೇಲೆಯೇ ಆ ಮುಳ್ಳು ಹೋದದ್ದು.

ಅದು ಮಹಾಪುರುಷರ ಮಾತಾಯಿತು. ಸಂಸಾರಸ್ಥನೊಬ್ಬ ಶಾಂತಿಗಾಗಿ ತನ್ನ ಊರಲ್ಲಿ ಒಬ್ಬನೇ ನಿಲ್ಲಬಹುದೇ? ನಿಂತರೆ ಏನಾದರೂ ಪ್ರಯೋಜನ ಉಂಟೇ?

1940ರಲ್ಲಿ ಮಹಾಯುದ್ಧದ ಕಾಲ. ಗಾಂಧೀಜಿ ಜನರ ಗುಂಪು ಕಟ್ಟಲಿಲ್ಲ, ಒಬ್ಬೊಬ್ಬರನ್ನೇ ಆರಿಸಿ ಕಳಿಸಿದರು. ಅದಕ್ಕೆ ವೈಯಕ್ತಿಕ ಸತ್ಯಾಗ್ರಹ ಎಂದು ಹೆಸರು. ಮೊದಲನೆಯವರು ವಿನೋಬಾ ಭಾವೆ. ಅಕ್ಟೋಬರ್ 17ರಂದು ತಮ್ಮ ಆಶ್ರಮವಿದ್ದ ಪವನಾರ್ ಊರಿನಲ್ಲೇ ನಿಂತು, ಯುದ್ಧಕ್ಕೆ ಹಣ ಕೊಡಬೇಡಿ, ಆಳು ಕೊಡಬೇಡಿ ಎಂದರು. ನಾಲ್ಕು ದಿನಕ್ಕೆ ದಸ್ತಗಿರಿಯಾಯಿತು. ಈ ಸತ್ಯಾಗ್ರಹಿಗಳು ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತೇವೆ ಎಂದು ಮ್ಯಾಜಿಸ್ಟ್ರೇಟರಿಗೆ ಮೊದಲೇ ಕಾಗದ ಬರೆದು ತಿಳಿಸಬೇಕಿತ್ತು. ಕದ್ದುಮುಚ್ಚಿ ಮಾಡುವುದು ಏನೂ ಇರಲಿಲ್ಲ. ಹೀಗೆ ಒಬ್ಬೊಬ್ಬರಾಗಿಯೇ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಯುದ್ಧವೇನೂ ಅದರಿಂದ ನಿಲ್ಲಲಿಲ್ಲ, ನಿಜ. 1945ರವರೆಗೂ ನಡೆಯಿತು.

ಸರ್ಕಾರದ ಎದುರು ನಿಲ್ಲುವುದಕ್ಕಿಂತ ನೆರೆಹೊರೆಯವರ ಎದುರು ನಿಲ್ಲುವುದು ಕಷ್ಟ. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯನ್ನೇ ತೆಗೆದುಕೊಳ್ಳಿ. 1246ರ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ, ಸದಾಶಿವ ದೇವಾಲಯವೂ ಇದೆ. ಹೊಯ್ಸಳರ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ದಂಡು ನಡೆಸುವವನೇ ಹರಿಗೊಂದು, ಹರನಿಗೊಂದು ಗುಡಿ ಕಟ್ಟಿಸಿದ. ಅಂಥ ಊರಲ್ಲಿ ಎರಡು ಬೀದಿಗೆ ಮನಸ್ತಾಪ ಬಂತು ಅನ್ನಿ. ಒಬ್ಬ ರೈತ ಗುಡಿಯ ಮುಂದೆ ಬೆಳಗಿನಿಂದ ಮಾತಿಲ್ಲದೆ ನಿಲ್ಲುತ್ತಾನೆ. ಜನ ಏನೆಂದಾರು? "ಏನಣ್ಣಾ, ಹರಕೆನಾ?" ಅಂತ ಒಬ್ಬರು. "ಎಲೆಕ್ಷನ್‌ಗೆ ನಿಲ್ತೀಯೇನೋ" ಅಂತ ಇನ್ನೊಬ್ಬರು. "ಮೊದ್ಲು ತಮ್ಮನ ಜೊತೆ ಇರೋ ಬದುವಿನ ಕೇಸು ಮುಗಿಸ್ಕೋ ಹೋಗಪ್ಪ" ಅಂತ ಮುದುಕಿಯೊಬ್ಬಳು.

ಕೊನೆಯ ಮಾತಿಗೆ ಉತ್ತರ ಹೇಳುವುದು ಕಷ್ಟ. ಪರ ಊರಲ್ಲಿ ನಿಂತವನಿಗೆ ಆ ಮಾತು ಕೇಳಬೇಕಾಗಿಲ್ಲ, ಅವನ ಬದು ಎಲ್ಲಿದೆಯೋ ಯಾರಿಗೆ ಗೊತ್ತು? ಹಾಗಾದರೆ ತಪ್ಪಿಲ್ಲದವನು ಮಾತ್ರ ನಿಲ್ಲಬೇಕೇ? ಅಂಥವನಿಗಾಗಿ ಕಾದರೆ ಯಾವ ಊರಲ್ಲೂ ಯಾರೂ ನಿಲ್ಲುವುದಿಲ್ಲ. ಮುಳ್ಳು ಹೋಗಲಿ, ಆಮೇಲೆ ನಿಲ್ಲೋಣ ಎಂದು ಬಾಹುಬಲಿಯೂ ಕಾಯಲಿಲ್ಲ. ಮುಳ್ಳು ಇಟ್ಟುಕೊಂಡೇ ನಿಂತ. ಆದರೆ ಅದು ಒಳಗೆ ಇತ್ತು ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ. ಊರಲ್ಲಿ ನಿಂತವನೂ ಆ ಮುದುಕಿಗೆ "ಹೌದಜ್ಜಿ, ಕೇಸು ಇದೆ" ಅಂತ ಒಪ್ಪಿಕೊಂಡೇ ನಿಲ್ಲಬೇಕಾಗುತ್ತದೆ.

ಇನ್ನೊಂದು ವ್ಯತ್ಯಾಸ ಉಂಟು. ಭರತ ತಾನೇ ಬಂದ. ಎಲ್ಲರ ಅಣ್ಣತಮ್ಮಂದಿರೂ ಹಾಗೆ ಬರುತ್ತಾರೆಂದು ಹೇಳುವ ಹಾಗಿಲ್ಲ. ಕಾಯೋತ್ಸರ್ಗದಲ್ಲಿ ನಿಂತ ಸ್ವಾಮಿ ಹೆಜ್ಜೆ ಕದಲಿಸುವಂತಿರಲಿಲ್ಲ. ರೈತನ ಕಾಲಿಗೆ ಬಳ್ಳಿ ಹಬ್ಬಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನು ಗುಡಿ ಮುಂದಿನಿಂದ ಹೊರಟರೆ, ತಮ್ಮನ ಮನೆ ದಾರಿಯಲ್ಲೇ ಸಿಗುತ್ತದೆ.