ಕತ್ತಲಲ್ಲಿ ಬೆಳೆದ ಹರಳು

ಬರ್ಮಿಂಗ್‌ಹ್ಯಾಮ್‌ನ ನಮ್ಮ ಸೆಲ್ಲಿ ಓಕ್ ಬಡಾವಣೆಯ ಹಿತ್ತಿಲುಗಳಲ್ಲಿ ಮಣ್ಣು ಅಗೆದವರಿಗೆ ಆ ಉರುಟು ಕಲ್ಲುಗಳ ಪರಿಚಯ ಇದ್ದೇ ಇರುತ್ತದೆ. ಕೆಲವು ಕಂದುಗೆಂಪು, ಕೆಲವು ಮಾಸಲು ಬಿಳಿ. ನೀರು ಉಜ್ಜಿ ಉಜ್ಜಿ ನುಣುಪಾದವು. ಮೆಂತ್ಯವನ್ನೋ ಕೊತ್ತಂಬರಿಯನ್ನೋ ಬಿತ್ತಲು ಹೊರಟವರು ಅವನ್ನು ಆಯ್ದು ಬೇಲಿಯ ಬದಿಗೆ ಹಾಕುತ್ತಾರೆ. ಅವುಗಳಲ್ಲಿ ಬಹುಪಾಲು ಈ ಊರಿನ ಕಲ್ಲುಗಳಲ್ಲ. ಸುಮಾರು 25 ಕೋಟಿ ವರ್ಷಗಳ ಹಿಂದೆ ಇಂದಿನ ಫ್ರಾನ್ಸಿನ ವಾಯವ್ಯದ ಬೆಟ್ಟಗಳಿಂದ ಉತ್ತರಕ್ಕೆ ಒಂದು ಮಹಾನದಿ ಹರಿಯುತ್ತಿತ್ತು. ನಡುವೆ ಆಗ ಕಡಲಿರಲಿಲ್ಲ. ಆ ನದಿ ಉರುಳಿಸಿಕೊಂಡು ಬಂದ ಕಲ್ಲು ಇಂಗ್ಲೆಂಡಿನ ನಡುನಾಡಿನ ನೆಲದಡಿ ಹಾಸುಹಾಸಾಗಿ ಬಿದ್ದಿದೆ. ನದಿ ಇಲ್ಲವಾಗಿದೆ, ಅದು ಹುಟ್ಟಿದ ಬೆಟ್ಟ ಸವೆದಿದೆ, ಕಲ್ಲು ಮಾತ್ರ ನಮ್ಮ ಗುದ್ದಲಿಗೆ ತಾಗಿ ಠಣ್ ಎನ್ನುತ್ತದೆ.

ಬಿಳಿಯವು ಬೆಣಚು. ತುಮಕೂರು ಸೀಮೆಯ ನಮ್ಮ ಹೊಲದ ಬದುವಿನಲ್ಲೂ ಇದೇ ಬೆಣಚು. ಚಿಕ್ಕಂದಿನಲ್ಲಿ ಕಂಬಳಿ ಹೊದ್ದು, ಒಳಗಿನ ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿ, ಅವುಗಳ ಒಡಲಲ್ಲಿ ಮಿಣುಕುವ ತಣ್ಣನೆಯ ಕಿತ್ತಳೆ ಬೆಳಕನ್ನು ನೋಡುತ್ತಿದ್ದೆವು. ಸುಟ್ಟಂಥ ಒಂದು ವಾಸನೆಯೂ ಬರುತ್ತಿತ್ತು. ಇಲ್ಲಿನ ಹಿತ್ತಿಲ ಕಲ್ಲುಗಳನ್ನು ಉಜ್ಜಿದರೂ ಅದೇ ಬೆಳಕು, ಅದೇ ವಾಸನೆ. ಹರಳಿನೊಳಗಿನ ಬಂಧಗಳು ಮುರಿಯುವಾಗ ವಿದ್ಯುದಂಶಗಳು ಬೇರ್ಪಟ್ಟು ಮತ್ತೆ ಕೂಡುತ್ತವೆ, ಆಗ ಬೆಳಕು ಹೊಮ್ಮುತ್ತದೆ ಎಂಬುದು ವಿಜ್ಞಾನದ ವಿವರಣೆ. ಅದು ಗೊತ್ತಾದ ಮೇಲೂ ನನಗೆ ಕಂಬಳಿಯೊಳಗಿನ ಬೆರಗು ಒಂದಿಷ್ಟೂ ಕಡಿಮೆಯಾಗಿಲ್ಲ.

ಕಲ್ಲು ಹುಡುಕುವುದು ಇಲ್ಲಿ ಸಂಸಾರಸ್ಥರ ಹವ್ಯಾಸ. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು, ಬುತ್ತಿ ಹಿಡಿದು, ಸಾರ್ವಜನಿಕರಿಗೆ ತೆರೆದಿರುವ ಹಳೆಯ ಕಲ್ಲುಗಣಿಗಳಿಗೆ, ಕಡಲ ತೀರಗಳಿಗೆ ಹೊರಡುತ್ತಾರೆ. ಎಲ್ಲರಿಗೂ ಆಸೆ ಇರುವುದು ಜಿಯೋಡ್ ಮೇಲೆ. ಹೊರಗಿನಿಂದ ನೋಡಿದರೆ ಒರಟು ಗುಂಡುಕಲ್ಲು, ಒಡೆದರೆ ಒಳಗೆ ಟೊಳ್ಳು. ಆ ಟೊಳ್ಳಿನ ಗೋಡೆಯ ತುಂಬ ಒಳಮುಖವಾಗಿ ನಿಂತ ಹರಳುಗಳು. ಇಂಗ್ಲೆಂಡಿನಲ್ಲಿ ಇದರ ಹೆಸರುವಾಸಿ ತವರು ನಮಗಿಂತ ದಕ್ಷಿಣದಲ್ಲಿ, ಬ್ರಿಸ್ಟಲ್ ಬಳಿಯ ಮೆಂಡಿಪ್ ಗುಡ್ಡಗಳಲ್ಲಿದೆ. ಅಲ್ಲಿಯ ಜನ ಅದನ್ನು ಪೊಟೇಟೊ ಸ್ಟೋನ್ ಎಂದು ಕರೆಯುತ್ತಾರೆ. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಯಿಂದ ಆ ಟೊಳ್ಳು ಉಂಟಾಗಬಹುದು, ಮೊದಲಿದ್ದ ಬೇರೊಂದು ಖನಿಜ ಕರಗಿಹೋಗಿಯೂ ಉಂಟಾಗಬಹುದು. ಕಲ್ಲಿನ ಸಂದುಗಳಲ್ಲಿ ಜಿನುಗುವ ನೀರು ತನ್ನಲ್ಲಿ ಕರಗಿದ ಸಿಲಿಕಾವನ್ನು, ಅಂದರೆ ಬೆಣಚಿನ ದ್ರವ್ಯವನ್ನು, ಅಲ್ಲಿ ಬಿಟ್ಟುಹೋಗುತ್ತದೆ. ಮೊದಲು ಗೋಡೆಗೆ ಅಂಟಿದಂತೆ ತೆಳುವಾದ ಪಟ್ಟೆಗಳು, ಆಮೇಲೆ ಆರು ಮಗ್ಗುಲಿನ ಹರಳುಗಳು. ಜಾಗ ತುಂಬಿಹೋದರೆ ಬೆಳವಣಿಗೆ ನಿಂತಿತು. ಜಾಗ ಉಳಿದರೆ ನಮಗೆ ಜಿಯೋಡ್ ಸಿಕ್ಕಿತು.

ಸೆಲ್ಲಿ ಓಕ್‌ನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಲ್ಯಾಪ್‌ವರ್ತ್ ಭೂವಿಜ್ಞಾನ ಸಂಗ್ರಹಾಲಯವಿದೆ. 1880ರಲ್ಲಿ ಶುರುವಾದದ್ದು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಅಲ್ಲಿ ಬೆಣಚಿನ ಹರಳೊಂದರ ಮುಂದೆ ನಿಂತು ಮಗಳು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ: "ಅಪ್ಪಾ, ಇದನ್ನ ಯಾರು ಪಾಲಿಶ್ ಮಾಡಿದ್ದು?"

ಯಾರೂ ಮಾಡಿಲ್ಲ ಕಂದಾ, ಅದು ಹಾಗೇ ಬೆಳೆದದ್ದು ಎಂದೆ. ಅವಳು ನಂಬಲಿಲ್ಲ. ನಂಬದೇ ಇದ್ದದ್ದು ಸರಿಯೆಂದೇ ನನಗೆ ತೋರುತ್ತದೆ. ಅಷ್ಟು ನೇರವಾದ ಅಂಚು, ಅಷ್ಟು ಸಮವಾದ ಮುಖ ಕಂಡಾಗ ಅದರ ಹಿಂದೆ ಒಂದು ಕೈಯನ್ನು ಹುಡುಕುವುದು ಮನಸ್ಸಿಗೆ ಸಹಜ. ಡೆನ್ಮಾರ್ಕಿನ ನಿಕೊಲಸ್ ಸ್ಟೆನೊ 1669ರಲ್ಲಿ ಬೆಣಚಿನ ಹರಳುಗಳ ಬಗ್ಗೆ ಬರೆದ. ಹರಳು ದೊಡ್ಡದಿರಲಿ ಚಿಕ್ಕದಿರಲಿ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗಿರಲಿ, ಮುಖಗಳ ನಡುವಿನ ಕೋನ ಬದಲಾಗದು ಎಂಬುದು ಅವನು ಕಂಡದ್ದು. ತುಮಕೂರಿನ ಬೆಣಚಿನ ಹರಳಿಗೂ ಮೆಂಡಿಪ್‌ನ ಬೆಣಚಿನ ಹರಳಿಗೂ ಕೋನ ಒಂದೇ. ಒಂದನ್ನೊಂದು ಎಂದೂ ಕಾಣದ ಎರಡು ಹರಳು, ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ, ಆದರೂ ಒಂದೇ ಕ್ರಮ.

ಕಾರಣ ಕಣ್ಣಿಗೆ ಕಾಣಲು ಇನ್ನೂರು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದಕ್ಕೆ ದಾರಿ ಮಾಡಿದ ಉಪಕರಣ ತಯಾರಾದದ್ದು ನಮ್ಮಿಂದ ಉತ್ತರಕ್ಕಿರುವ ಲೀಡ್ಸ್ ನಗರದಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಹೆನ್ರಿ ಬ್ರ್ಯಾಗ್ ಎಕ್ಸ್-ರೇ ಸ್ಪೆಕ್ಟ್ರೋಮೀಟರ್ ಕಟ್ಟಿದರು. 1913ರಲ್ಲಿ ಅವರೂ ಅವರ ಮಗ ಲಾರೆನ್ಸ್ ಬ್ರ್ಯಾಗ್ ಕೂಡಿ ಹರಳುಗಳೊಳಗೆ ಪರಮಾಣುಗಳು ಕುಳಿತ ರೀತಿಯನ್ನು ಲೆಕ್ಕ ಹಾಕಿ ತೋರಿಸಿದರು. ಅಡಿಗೆಮನೆಯ ಉಪ್ಪು, ವಜ್ರ, ಕ್ಯಾಲ್ಸೈಟ್, ಒಂದೊಂದಾಗಿ ತಮ್ಮ ಗುಟ್ಟು ಬಿಟ್ಟುಕೊಟ್ಟವು. 1915ರಲ್ಲಿ ಅಪ್ಪ ಮಗ ಇಬ್ಬರಿಗೂ ನೊಬೆಲ್ ಬಂದಾಗ ಮಗನಿಗೆ 25 ವರ್ಷ. ಹೊರಗಿನ ನೇರ ಅಂಚು ಒಳಗಿನ ಪರಮಾಣುಗಳ ಸಾಲಿನಿಂದ ಬಂದದ್ದು. ಸಾಲಿನ ಪಕ್ಕಕ್ಕೆ ಸಾಲು, ಅದರ ಪಕ್ಕಕ್ಕೆ ಇನ್ನೊಂದು. ಮಗಳಿಗೆ ಇದನ್ನು ಕಲ್ಲುಸಕ್ಕರೆಯಿಂದ ತೋರಿಸಿದೆ. ಪಾಕದಲ್ಲಿ ದಾರ ಇಳಿಬಿಟ್ಟು, ಅಲುಗಾಡಿಸದೆ ಬಿಟ್ಟರೆ ಹರಳು ತಾನಾಗಿ ಕೂಡಿಕೊಳ್ಳುತ್ತದೆ. ಅದಕ್ಕೆ ಅಂಚು ಕೊಡಲು ಯಾರೂ ಕೂರಬೇಕಿಲ್ಲ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಒಂದೇ ಕಡೆ. ಜಿಯೋಡ್‌ನ ಒಳಗೆ ಬೆಳಕಿಲ್ಲ. ಹರಳು ಬೆಳೆದದ್ದು ಕಗ್ಗತ್ತಲಲ್ಲಿ. ಅಮೆಥಿಸ್ಟ್ ಹರಳಿನ ನೇರಳೆ ಬಣ್ಣಕ್ಕೆ ಅದರೊಳಗಿನ ಅಲ್ಪಸ್ವಲ್ಪ ಕಬ್ಬಿಣ ಮತ್ತು ಸುತ್ತಲ ಕಲ್ಲಿನ ಸಹಜ ವಿಕಿರಣ ಕಾರಣ ಎನ್ನುತ್ತಾರೆ. ಆದರೆ ಬೆಳಕೇ ಇಲ್ಲದ ಕಡೆ ನೇರಳೆ ಎಂದರೇನು? ಕೋಟಿಗಟ್ಟಲೆ ವರ್ಷ ಆ ಬಣ್ಣ ಬರಿಯ ಸಾಧ್ಯತೆಯಾಗಿ ಕುಳಿತಿತ್ತು. ಯಾರೋ ಒಂದು ದಿನ ಕಲ್ಲು ಒಡೆದಾಗ ಮೊದಲ ಕಿರಣ ಒಳಹೊಕ್ಕಿತು, ಆ ಕ್ಷಣದಲ್ಲೇ ಅದು ಬಣ್ಣವಾಯಿತು. ನಾವು ಹಬ್ಬಕ್ಕೆ ರಂಗೋಲಿ ಇಡುವುದು ನೋಡುವವರಿದ್ದಾರೆಂದು. ದೇವಾಲಯದ ಶಿಲ್ಪಿ ಕೆತ್ತಿದ್ದು ದೇವರಾದರೂ ನೋಡುತ್ತಾನೆಂದು. ಹರಳು ಯಾರ ನಿರೀಕ್ಷೆಯೂ ಇಲ್ಲದೆ, ಒಂದು ಕೋನವನ್ನೂ ತಪ್ಪಿಸದೆ ಬೆಳೆದಿದೆ. ಕಾಣದ ಕಡೆಯಲ್ಲಿ ಇಷ್ಟು ಅಚ್ಚುಕಟ್ಟು ಇದೆ ಎಂಬುದೇ ನನ್ನ ಪಾಲಿಗೆ ಬೆರಗಿನ ಬೇರು.

ಈ ಯೋಚನೆಯನ್ನು ತಲೆಯಲ್ಲಿಟ್ಟುಕೊಂಡೇ ನಾವು ಡಡ್ಲಿ ಪಟ್ಟಣದ ರೆನ್ಸ್ ನೆಸ್ಟ್ ಗುಡ್ಡಕ್ಕೆ ಹೋಗುವುದು. ಸೆಲ್ಲಿ ಓಕ್‌ನಿಂದ ಬರ್ಮಿಂಗ್‌ಹ್ಯಾಮ್‌ನ ನ್ಯೂ ಸ್ಟ್ರೀಟ್ ನಿಲ್ದಾಣಕ್ಕೆ ಒಂದು ರೈಲು, ಅಲ್ಲಿಂದ ಟಿಪ್ಟನ್‌ಗೆ ಇನ್ನೊಂದು, ಮುಂದೆ ನಡಿಗೆ. 1956ರಲ್ಲಿ, ಬರೀ ಭೂವಿಜ್ಞಾನದ ಮಹತ್ವಕ್ಕಾಗಿಯೇ ರಾಷ್ಟ್ರೀಯ ನಿಸರ್ಗಧಾಮ ಎಂದು ಬ್ರಿಟನ್ನಿನಲ್ಲಿ ಮೊದಲು ಘೋಷಿತವಾದ ಜಾಗ ಅದು. 2020ರಿಂದ ಯುನೆಸ್ಕೊದ ಬ್ಲ್ಯಾಕ್ ಕಂಟ್ರಿ ಜಿಯೋಪಾರ್ಕ್‌ನ ಭಾಗ. ಸುಮಾರು 43 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚನೆಯ ಆಳವಿಲ್ಲದ ಕಡಲಡಿ ಇತ್ತು. ಆ ಕಡಲ ತಳದ ಅಲೆಗುರುತುಗಳು ಇಂದು ಗೋಡೆಯಂತೆ ಎದ್ದು ನಿಂತಿವೆ. ಅಲ್ಲಿ ಬದುಕಿದ ಹವಳ, ಚಿಪ್ಪು, ಕಡಲ ಲಿಲ್ಲಿಗಳ ಕಾಂಡದ ಬಿಲ್ಲೆಗಳು ಈಗ ಸುಣ್ಣಕಲ್ಲಿನ ಜರಿಯಲ್ಲಿ ಸುರಿದುಕೊಂಡಿವೆ. 700ಕ್ಕೂ ಹೆಚ್ಚು ಬಗೆಯ ಜೀವಿಗಳ ಪಳೆಯುಳಿಕೆ ಇಲ್ಲಿ ಸಿಕ್ಕಿದೆ. ಕೆಸರು ಒಳಹೋಗದಂತೆ ಮುಚ್ಚಿಕೊಂಡೇ ಉಳಿದ ಚಿಪ್ಪಿನ ಟೊಳ್ಳಿನಲ್ಲಿ ಕ್ಯಾಲ್ಸೈಟ್ ಹರಳು ಕಟ್ಟುತ್ತದೆ. ಅದನ್ನು ಜಿಯೋಡ್‌ನ ದಾಯಾದಿ ಎನ್ನಬಹುದು.

ಅಲ್ಲಿನ ನಿಯಮ ನನಗೆ ತುಂಬ ಹಿಡಿಸಿತು. ಸುತ್ತಿಗೆ ಕೂಡದು. ಬಂಡೆಯಿಂದ ಕೀಳಕೂಡದು. ಮಳೆ ಗಾಳಿಗೆ ತಾನಾಗಿ ಕಳಚಿ ಬಿದ್ದದ್ದನ್ನು ಆಯ್ದುಕೊಳ್ಳಬಹುದು. ಹೀಗಾಗಿ ರೆನ್ಸ್ ನೆಸ್ಟ್‌ನಲ್ಲಿ ಹುಡುಕುವುದೆಂದರೆ ಮೊಣಕಾಲೂರಿ, ತಲೆ ಬಗ್ಗಿಸಿ, ನೆಲವನ್ನು ಅಂಗುಲ ಅಂಗುಲ ನೋಡುವುದು. ಮಕ್ಕಳಿಗೆ ಇದು ಮೊದಲು ಬೇಸರ ಎನಿಸುತ್ತದೆ. ಒಂದು ಬಿಲ್ಲೆ ಸಿಕ್ಕಿತೋ, ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಈ ಗುಡ್ಡದ ಅರಸನೆಂದರೆ ಟ್ರೈಲೋಬೈಟ್ ಎಂಬ ಪುರಾತನ ಕಡಲ ಪ್ರಾಣಿ. ಕ್ಯಾಲಿಮೀನ್ ಎಂಬ ಜಾತಿಯನ್ನು ಗಣಿಯ ಕೂಲಿಗಳು ಡಡ್ಲಿ ಬಗ್ ಎಂದು ಕರೆದರು, ಊರಿನ ಲಾಂಛನದಲ್ಲೂ ಅದು ಜಾಗ ಪಡೆಯಿತು. ನನಗೆ ಹೆಚ್ಚು ಪ್ರಿಯವಾದದ್ದು ಅದರ ಬಂಧು ಡಾಲ್ಮನೈಟಿಸ್. ಅದರ ಕಣ್ಣಿನ ಮಸೂರಗಳು ಸಾಲುಸಾಲಾಗಿ ನಿಂತದ್ದನ್ನು ಭೂತಗನ್ನಡಿ ಹಿಡಿದರೆ ಒಂದೊಂದಾಗಿ ನೋಡಬಹುದು. ಟ್ರೈಲೋಬೈಟ್‌ನ ಕಣ್ಣಿನ ಮಸೂರ ಕ್ಯಾಲ್ಸೈಟ್ ಹರಳಿನದು ಎಂದು ಬಹುಪಾಲು ವಿಜ್ಞಾನಿಗಳು ಹೇಳುತ್ತಾರೆ. ಕಲ್ಲಿನ ಹರಳಿನ ಮೂಲಕ ನೋಡುವ ಪ್ರಾಣಿ! ಕ್ಯಾಲ್ಸೈಟ್‌ಗೆ ಒಂದು ವಿಚಿತ್ರ ಗುಣವಿದೆ. ಅದರ ಮೂಲಕ ನೋಡಿದರೆ ಒಂದು ಗೆರೆ ಎರಡಾಗಿ ಕಾಣುತ್ತದೆ. ಇದನ್ನು ಮೊದಲು ವಿವರಿಸಿದವನು ರಾಸ್ಮಸ್ ಬಾರ್ತೊಲಿನ್, ಅವನೂ ಡೆನ್ಮಾರ್ಕಿನವನೇ, ಸ್ಟೆನೊನ ಪುಸ್ತಕ ಬಂದ 1669ರಲ್ಲೇ. ಆದರೆ ಹರಳಿನ ಒಂದು ದಿಕ್ಕಿನಲ್ಲಿ ನೋಡಿದಾಗ ಈ ಇಬ್ಬಗೆ ಇರುವುದಿಲ್ಲ. ಟ್ರೈಲೋಬೈಟ್‌ನ ಪ್ರತಿ ಮಸೂರದಲ್ಲೂ ಆ ದಿಕ್ಕೇ ಹೊರಮುಖವಾಗಿದೆ. ಬಾರ್ತೊಲಿನ್ ಹುಟ್ಟುವ ನಲವತ್ತು ಕೋಟಿಗೂ ಹೆಚ್ಚು ವರ್ಷ ಮೊದಲೇ ಒಂದು ಕಡಲಹುಳು ಆ ತೊಡಕನ್ನು ದಾಟಿಕೊಂಡಿತ್ತು.

ಕತ್ತಲಲ್ಲಿ ಯಾರಿಗೂ ಕಾಣದೆ ಬೆಳೆಯುವ ಅದೇ ಹರಳಿನ ಕ್ರಮ ಇಲ್ಲಿ ಕಾಣುವುದಕ್ಕೇ ಸಾಧನವಾಯಿತು. ಸುಣ್ಣಕಲ್ಲು ಕಣ್ಣು ತೆರೆಯಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ. ಪ್ರಾಣಿಲೋಕದ ಅತಿ ಹಳೆಯ ಕಣ್ಣುಗಳಲ್ಲಿ ಟ್ರೈಲೋಬೈಟ್‌ಗಳ ಕಣ್ಣೂ ಸೇರಿದೆ. ಆ ಕುಲ ಸುಮಾರು 27 ಕೋಟಿ ವರ್ಷ ಬಾಳಿ, ನಮ್ಮ ಹಿತ್ತಿಲಿಗೆ ಕಲ್ಲು ತಂದ ನದಿ ಹರಿಯುವುದಕ್ಕೆ ಸ್ವಲ್ಪ ಮುಂಚೆ ಪೂರ್ತಿ ಅಳಿಯಿತು.

ರೆನ್ಸ್ ನೆಸ್ಟ್‌ನ ಸುಣ್ಣಕಲ್ಲಿನ ದೊಡ್ಡ ಪಾಲು ಕಬ್ಬಿಣದ ಕುಲುಮೆಗಳಿಗೆ ಹೋಯಿತು. ಗುಡ್ಡದ ಹೊಟ್ಟೆಯನ್ನು ತೋಡಿ ತೆಗೆದು, ಅದಿರಿನ ಕಸ ಬೇರ್ಪಡಿಸಲು ಸುರಿದರು. ಎಷ್ಟು ಕಣ್ಣುಗಳು ಆ ಬೆಂಕಿಯಲ್ಲಿ ಕರಗಿದವೋ! ಹಾಗೆಂದು ಕೂಲಿಗಳನ್ನು ದೂರಲಾರೆ. ಹೊಟ್ಟೆಪಾಡಿನ ನಡುವೆಯೂ ಚೆಂದದ ಪಳೆಯುಳಿಕೆಯನ್ನು ಎತ್ತಿಟ್ಟು ಸಂಗ್ರಹಕಾರರಿಗೆ ಮಾರಿದವರು ಅವರೇ. ಅವರು ಬಗ್ಗಿ ಎತ್ತದಿದ್ದರೆ ಸಂಗ್ರಹಾಲಯಗಳ ಕಪಾಟುಗಳು ಅರ್ಧ ಖಾಲಿ ಇರುತ್ತಿದ್ದವು.

ಕಲ್ಲಿನ ಮೋಹಕ್ಕೆ ಪದವಿ ಬೇಕಿಲ್ಲ ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಗಳಿವೆ. ಆ ಸಂಗ್ರಹಾಲಯಕ್ಕೆ ಹೆಸರು ಕೊಟ್ಟ ಚಾರ್ಲ್ಸ್ ಲ್ಯಾಪ್‌ವರ್ತ್ ಸ್ಕಾಟ್ಲೆಂಡಿನಲ್ಲಿ ಶಾಲಾಮಾಸ್ತರರಾಗಿದ್ದರು. ಬಿಡುವಿನಲ್ಲಿ ಗುಡ್ಡ ಅಲೆದು ಪಳೆಯುಳಿಕೆ ಆಯುತ್ತಲೇ 1879ರಲ್ಲಿ ಭೂಚರಿತ್ರೆಯ ಒಂದು ಇಡೀ ಯುಗಕ್ಕೆ ಆರ್ಡೊವಿಷಿಯನ್ ಎಂಬ ಹೆಸರನ್ನು ಸೂಚಿಸಿದರು. 1881ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಪ್ರಾಧ್ಯಾಪಕರಾಗಿ ಬಂದರು. ಪಕ್ಕದ ಎಡ್ಜ್‌ಬಾಸ್ಟನ್ ಹಾಲ್‌ನಲ್ಲಿದ್ದ ವಿಲಿಯಂ ವಿದರಿಂಗ್ ವೃತ್ತಿಯಿಂದ ವೈದ್ಯರು. ಫಾಕ್ಸ್‌ಗ್ಲೋವ್ ಗಿಡದ ಔಷಧಗುಣದ ಬಗ್ಗೆ 1785ರಲ್ಲಿ ಬರೆದವರು. ಅದಕ್ಕೂ ಒಂದು ವರ್ಷ ಮೊದಲು ಅವರು ಪರೀಕ್ಷಿಸಿ ವಿವರಿಸಿದ ಖನಿಜಕ್ಕೆ ವಿದರೈಟ್ ಎಂದೇ ಹೆಸರು. ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕನ್ನಡದ ವೈದ್ಯ ಮಿತ್ರರಿಗೆ ನಾನು ಈ ಕಥೆಯನ್ನು ಬಿಡದೆ ಹೇಳುತ್ತೇನೆ.

ನಮ್ಮ ನಾಡಿನಲ್ಲೂ ಅಂಥ ಕಲ್ಲುಮೋಹಿ ಒಬ್ಬರಿದ್ದರು. ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಅವರು ಪ್ರೀತಿಯಿಂದ ಕೂಡಿಟ್ಟ ಹರಳು, ಖನಿಜ, ಚಿಪ್ಪುಗಳ ಸಂಗ್ರಹ ಇಂದಿಗೂ ಇದೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಚ್ಚಿದರೆ ಮಂಕಾಗಿದ್ದ ಕಲ್ಲುಗಳು ಹಸಿರು, ಕೆಂಪು ಹೊಳೆಯುತ್ತವೆ. ನೊಬೆಲ್ ಬಂದು ದಶಕಗಳಾದ ಮೇಲೂ ರಾಮನ್ ವಜ್ರ, ಅಗೇಟ್, ಓಪಲ್‌ಗಳ ಬಣ್ಣದ ಬೆನ್ನು ಹತ್ತಿದ್ದರು.

ಹರಳಿಗೆ ನಮ್ಮ ನೆಲದಲ್ಲೂ ಕೊರತೆಯಿಲ್ಲ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾ. ಅದರಲ್ಲೂ ಅನಿಲದ ಗುಳ್ಳೆಗಳಿವೆ, ಗುಳ್ಳೆಗಳಲ್ಲಿ ಬೆಣಚು, ಕ್ಯಾಲ್ಸೈಟ್, ಜಿಯೊಲೈಟ್ ಹರಳುಗಳಿವೆ. ಬಾವಿ ತೋಡಿದಾಗ, ರಸ್ತೆಗೆ ಗುಡ್ಡ ಕಡಿದಾಗ ಹೊರಬಿದ್ದ ಅಂಥ ಕಲ್ಲು ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತದೆ. ಜಲ್ಲಿ ಬೇಕು, ನಿಜ. ಆದರೆ ಪ್ರತಿ ಜಿಲ್ಲೆಯಲ್ಲೂ ಒಂದು ಹಳೆಯ ಕ್ವಾರಿಯನ್ನಾದರೂ ಬೇಲಿ ಹಾಕಿ, ಫಲಕ ನೆಟ್ಟು, ಬಿದ್ದದ್ದನ್ನು ಆಯ್ದುಕೊಳ್ಳಿ ಎಂದು ಶಾಲೆಯ ಮಕ್ಕಳಿಗೆ ಬಿಟ್ಟುಕೊಡಬಾರದೆ? ಡಡ್ಲಿ ಮಾಡಿದ್ದು ಇಷ್ಟೇ. ಲಾಲ್‌ಬಾಗಿನ 300 ಕೋಟಿ ವರ್ಷದ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುವ ಮಗುವಿಗೆ ಆ ಬಂಡೆಯ ವಯಸ್ಸು ಗೊತ್ತಿರಬೇಕು.

ಬರ್ಮಿಂಗ್‌ಹ್ಯಾಮ್ ಕಡೆ ಬರುವ ಕನ್ನಡಿಗರು ಬುಲ್‌ರಿಂಗ್ ಅಂಗಡಿಗಳಿಗೆ ಕೊಡುವ ಹೊತ್ತಿನಲ್ಲಿ ಒಂದೆರಡು ಗಂಟೆ ಲ್ಯಾಪ್‌ವರ್ತ್ ಸಂಗ್ರಹಾಲಯಕ್ಕೆ ಕೊಡಿ. ಪ್ರವೇಶ ಉಚಿತ. ರೆನ್ಸ್ ನೆಸ್ಟ್‌ಗೆ ಹೋಗುವುದಾದರೆ ಗಟ್ಟಿ ಬೂಟು, ಒಂದು ಭೂತಗನ್ನಡಿ ಇರಲಿ. ಹಳೆಯ ಗಣಿ ಕುಸಿಯುವ ಕಡೆ ಬೇಲಿ ಇದೆ, ಅದನ್ನು ದಾಟಬೇಡಿ. ಸುತ್ತಿಗೆಯನ್ನು ಮನೆಯಲ್ಲೇ ಬಿಡಿ.